ಬ್ಯಾಕಪ್ ಇದೆ

ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ,
ಆದರೂ ಫರ್ವಾನಿಯಾದ ಈ ಕಟ್ಟಡದಲ್ಲಿ ನಾನೇ ಡಾಕ್ಟರು.
ಒಂದು ಸ್ಕ್ರೂಡ್ರೈವರು, ಅಮ್ಮನ ಹಳೇ ಪೇಂಟಿಂಗ್ ಬ್ರಷ್ಷು,
ಇಷ್ಟೇ ನನ್ನ ದವಾಖಾನೆ.
ಇಲ್ಲಿನ ಅರ್ಧ ಕಾಯಿಲೆ ಧೂಳು.
ತೋಝ್, ಆ ಕೆಂಧೂಳಿನ ಗಾಳಿ, ಬೀಸಿದ ಮಾರನೇ ದಿನ
ಫ್ಯಾನುಗಳೆಲ್ಲ ಮುದುಕರ ಹಾಗೆ ಕೆಮ್ಮುತ್ತವೆ.
ನಾನು ಮಹಡಿ ಹತ್ತಿ ಇಳಿದು ಪೆಟ್ಟಿಗೆ ಬಿಚ್ಚಿ
ಮರುಭೂಮಿಯನ್ನು ಚಿಟಿಕೆ ಚಿಟಿಕೆಯಾಗಿ ಹೊರಗೆ ಹಾಕುತ್ತೇನೆ.

ಪಾಸ್‌ವರ್ಡು ಅಡುಗೆಮನೆಯಿಂದಲೇ ಕೂಗಿ ಹೇಳುತ್ತಾರೆ.
ಮಿಸ್ರಿ ಮೇಷ್ಟ್ರು ಹಾಝಿಮ್‌ರದ್ದು ಅವರ ಮೊದಲ ಕಾರಿನ ನಂಬರು.
ಅವರ ವಿಂಡೋಸು ಅರಬ್ಬಿಯದು, ಸ್ಟಾರ್ಟ್ ಬಟನ್ನು ಬಲಮೂಲೆಯಲ್ಲಿ;
ಅಲ್ಲಿ ಒಂದು ಗಂಟೆ ಕೂತರೆ
ಮರುದಿನ ಶಾಲೆಯ ಲ್ಯಾಬಿನಲ್ಲಿ ನನ್ನ ಕೈ ತಪ್ಪು ಮೂಲೆಗೆ ಓಡುತ್ತದೆ.
ಕ್ಷೌರದಂಗಡಿಯ ಶಫೀಕುಲನದ್ದು ಹೆಂಡತಿಯ ಹೆಸರು.
ನಾನು ಟೈಪು ಮಾಡುವಾಗ ಮುಖ ತಿರುಗಿಸಿಕೊಳ್ಳುತ್ತಾನೆ,
ತಿರುಗಿಸಬೇಕಾದವನು ನಾನು.
ಅಪ್ಪನದ್ದು ಸಿವಿಲ್ ಐಡಿ, ಹನ್ನೆರಡು ಅಂಕಿ.
ಅಮ್ಮ ಹುಟ್ಟಿದ ದಿನ ಕೇಳಿದರೆ ಅಮ್ಮನ ಮುಖ ನೋಡುವ ಮನುಷ್ಯ
ಇದನ್ನು ಮಾತ್ರ ನಿದ್ದೆಗಣ್ಣಲ್ಲೂ ಮಗ್ಗಿಯ ಹಾಗೆ ಒಪ್ಪಿಸುತ್ತಾನೆ.
ನನ್ನದು ಹೇಳುವುದಿಲ್ಲ.
ಕುಂದಾಪುರದ ಬೈಗುಳ ಅದು,
ಅಜ್ಜಿ ಕೋಳಿಗೆ ಬೈಯುತ್ತಿದ್ದದ್ದು.

ಮೂರನೇ ಮಹಡಿಯ ಮಾರಿಸೆಲ್ ಆಂಟಿಗೆ ಸಲೂನಿನ ಕೆಲಸ.
ಮಾರ್ಚಿನಲ್ಲಿ ವೀಸಾ ಮುಗಿಯಿತು.
'ಎಲ್ಲ ಅಳಿಸು ಡಾಕ್ಟರ್. ಕುಲ್ಲು, ಖಲಾಸ್.
ಪೆಟ್ಟಿಗೆ ನೀನೇ ಇಟ್ಟುಕೋ, ಅದೇ ನಿನ್ನ ಫೀಸು.'
ಹಾಲಿನಪುಡಿ ಡಬ್ಬ ತುರುಕಿದ ಸೂಟ್‌ಕೇಸಿನ ಮೇಲೆ ಕೂತು
ಝಿಪ್ಪು ಎಳೆಯುತ್ತಿದ್ದಳು.
ಪರದೆಯಲ್ಲಿ ನೀಲಿ ಪಟ್ಟಿ ತೆವಳುತ್ತಿತ್ತು:
ಹನ್ನೆರಡು, ಮೂವತ್ತು, ಅರವತ್ತಮೂರು.
ಝಿಪ್ಪಿನ ಸದ್ದು ನಿಂತಿತು.
'ಅಯ್ಯೋ, ಜುನ್‌ಜುನ್‌ನ ದನಿ ಅದರಲ್ಲಿತ್ತಲ್ಲ?
ಮೂರು ವರ್ಷದವನಿದ್ದಾಗಿನದು?'
ಈಗ ಅವನಿಗೆ ಗಡ್ಡ ಬಂದಿದೆಯಂತೆ,
ಫೋನಿನಲ್ಲಿ ಹೂಂ ಅನ್ನುವುದೂ ಕಷ್ಟವಂತೆ.

ಪರದೆ ನೋಡುತ್ತಲೇ ಅಂದೆ: 'ಬ್ಯಾಕಪ್ ಇದೆ ಆಂಟಿ.'
ಎಷ್ಟು ಸಲೀಸಾಗಿ ಬಂತು!
ಅವಳು ಎದೆ ಮುಟ್ಟಿಕೊಂಡು ನಕ್ಕಳು,
ಒಂದು ಲೋಟ ಟ್ಯಾಂಗು ಕೊಟ್ಟಳು.
ಕುಡಿದೆ. ಅದು ಸಿಹಿಯಾಗಿಯೇ ಇತ್ತು.

ಆಮೇಲೆ ಪ್ರತಿ ಶುಕ್ರವಾರ ಒಂದು ಸಂದೇಶ:
'ಬಿಡುವಾದಾಗ ಕಳಿಸು, ಅವಸರವಿಲ್ಲ.'
'ನಾಳೆ' ಅಂತ ಬರೆದೆ. 'ಪರೀಕ್ಷೆ' ಅಂತ ಬರೆದೆ.
ನಿಜವಾದ ಪರೀಕ್ಷೆಯೂ ಬಂತು, ಹೋಯಿತು.

ಅಳಿಸಿದ್ದು ಪೂರ್ತಿ ಹೋಗಿರುವುದಿಲ್ಲ,
ಬಾಗಿಲ ಮೇಲಿನ ಹೆಸರಷ್ಟೇ ಕಿತ್ತಿರುತ್ತಾರೆ
ಎಂದು ಎಲ್ಲೋ ಓದಿದ್ದೆ.
ಒಂಬತ್ತು ರಾತ್ರಿ ಆ ಪೆಟ್ಟಿಗೆ
ನನ್ನ ಮಂಚದ ಪಕ್ಕ ಗುಂಯ್‌ಗುಟ್ಟಿತು.
'ಇಷ್ಟ್ ಹೊತ್ತಿಗೆ ಎಂತ ಮಗಾ?' ಅಂದಳು ಅಮ್ಮ.
'ಎಂತದೂ ಇಲ್ಲೆ.'

ಸಿಕ್ಕಿದವು, ಸಾವಿರಗಟ್ಟಲೆ,
ಹೆಸರು ಕಳಕೊಂಡು ಬರೀ ನಂಬರು ಹೊತ್ತು,
ಇಮಿಗ್ರೇಷನ್ನಿನ ಸಾಲಿನಲ್ಲಿ ನಿಂತವರ ಹಾಗೆ.
ಮೂಗಿನಿಂದ ಕೆಳಗೆ ಬೂದಾದ ಮುಖಗಳು.
ಒಂದು ಕೇಕಿನ ಮೇಲರ್ಧ, ಮೇಣದಬತ್ತಿ ಎಣಿಸಬಹುದು.
ದೀನಾರಿನಿಂದ ಪೆಸೊಗೆ ಗುಣಿಸಿದ ಲೆಕ್ಕದ ಪಟ್ಟಿ,
ಹನ್ನೊಂದು ವರ್ಷದ್ದು, ಅದು ಮಾತ್ರ ಇಡಿಯಾಗಿ.
ನೋಡಬಾರದಿತ್ತು. ನೋಡಿದೆ.

ಇನ್ನೂರ ನಲವತ್ತೊಂದನೆಯದು ದನಿ.
ನಾಲ್ಕು ಸೆಕೆಂಡು.
ಒಂದು ಕೋಳಿ. ಬಕೆಟ್ಟಿಗೆ ನೀರು ಬೀಳುವ ಸದ್ದು.
ಯಾರೋ ಚಿಕ್ಕವರು ಏನೋ ಅನ್ನುತ್ತಾರೆ,
ಮಾ ಇರಬಹುದು, ಬಾ ಇರಬಹುದು,
ಅಷ್ಟರಲ್ಲಿ ಕಡಿದುಹೋಗುತ್ತದೆ.
ಮತ್ತೆ ಮತ್ತೆ ಹಾಕಿ ಕೇಳಿದೆ.
ಆ ಭಾಷೆ ನನಗೆ ಬರುವುದಿಲ್ಲ,
ಕೋಳಿ ಮಾತ್ರ ಗೊತ್ತಾಯಿತು.

ಫೈಲು ಲಗತ್ತಿಸಿದೆ.
'ಬ್ಯಾಕಪ್ ಇರಲಿಲ್ಲ ಆಂಟಿ' ಅಂತ ಬರೆದೆ,
ಅಳಿಸಿದೆ, ಮತ್ತೆ ಬರೆದೆ.
ಕೆಳಗೆ ಇಷ್ಟೇ: 'ಇದೇನಾ?'

ಸೆಂಡ್ ಒತ್ತಿ ಕಿಟಕಿ ಹಾಕಲು ಎದ್ದೆ.
ಬೀದಿದೀಪದ ಸುತ್ತ ತೋಝ್ ಏಳುತ್ತಿತ್ತು.
ನಾಳೆ ಇಡೀ ಕಟ್ಟಡ ಕೆಮ್ಮುತ್ತದೆ.